ನೋಡಿ ಬಂದಿ ಏನು?

ವಾಡಿಯಲ್ಲಿ ಯಾರದಾದರೂ ಮನೆಯ ಮುಂದೆ ನಮ್ಮ ಸರ್ ಸ್ಕೂಟರ್ ನಿಂತರೆ ಸಾಕು, ಅಕ್ಕಪಕ್ಕದ ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು “ಯಾರು ಹೋದ್ರು?” ಎಂದು ಕೇಳುತ್ತಿದ್ದರು. ಒಮ್ಮೆ ಅವರು ತಮ್ಮ ಸಂಬಂಧಿಕರ ಹುಡುಗಿಯ ಮದುವೆ ಕಾರ್ಡು ಕೊಡಲು ಒಂದು ಮನೆಗೆ ಹೋಗಿದ್ದರಂತೆ. ಹೊರಗೆ ಮಂದಿ ಸೇರಿದ ಗದ್ದಲ ಕೇಳಿ ಒಳಗೆ ಮಲಗಿದ್ದ ಅಜ್ಜ ಕೋಲೂರಿಕೊಂಡು ಬಂದು, “ಯಪ್ಪಾ, ನಾ ಇನ್ನೂ ಅದೀನಿ. ನೀವು ಮುಂದಿನ ಮನಿಗಿ ಹೋಗ್ರಿ” ಎಂದನಂತೆ. ಈ ಕತೆಯನ್ನು ಅವರೇ ನಮಗೆ ಹೇಳಿ, ಹೇಳುವಾಗಲೇ ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಿಜವೋ ಸುಳ್ಳೋ ಗೊತ್ತಿಲ್ಲ. ಅದನ್ನು ನಾನು ಹೋಗಿ ನೋಡಿ ಬಂದಿಲ್ಲ.

ಅವರು ಕಲಬುರಗಿಯ ಒಂದು ದಿನಪತ್ರಿಕೆಗೆ ಮೊದಲು ಚಿಂಚೋಳಿಯಲ್ಲಿ, ಆಮೇಲೆ ವಾಡಿಯಲ್ಲಿ ವರದಿಗಾರರಾಗಿದ್ದರು. ಬರೆದ ಸುದ್ದಿಗಳೆಲ್ಲ ‘ನಮ್ಮ ವರದಿಗಾರರಿಂದ’ ಎಂದೇ ಅಚ್ಚಾದವು. ಒಂದು ದಿನವೂ ಅವರ ಹೆಸರು ಬರಲಿಲ್ಲ. ಹೆಸರು ಹಾಕುವ ರೂಢಿ ಪತ್ರಿಕೆಗಳಿಗೆ ಬಂದ ಮೇಲೂ ಅವರು ಬೇಡ ಎಂದರು. “ಸುದ್ದಿ ಸತ್ತವರದು, ಹೆಸರು ನನ್ನದು ಯಾಕ?” ಎನ್ನುತ್ತಿದ್ದರು. ಅದಕ್ಕೇ ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ನಾವು ‘ಸರ್’ ಅನ್ನುತ್ತಿದ್ದೆವು. ಅದು ಸಾಕು.

ನನ್ನ ಊರು ಶಹಾಬಾದ. ಅಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಕೆಲಸದವರು. ಕಲಬುರಗಿಯಲ್ಲಿ ಬಿ.ಎ. ಓದುವಾಗ ಪತ್ರಿಕೋದ್ಯಮ ತೆಗೆದುಕೊಂಡಿದ್ದೆ. ಕೊನೆಯ ವರ್ಷ ಯಾವುದಾದರೂ ಪತ್ರಕರ್ತರ ಬಳಿ ಕೆಲವು ವಾರ ಇದ್ದು ಸುದ್ದಿ ಬರೆಯುವುದನ್ನು ಕಲಿತು ಬರಬೇಕಿತ್ತು. ಜೊತೆಯವರೆಲ್ಲ ಕಲಬುರಗಿಯ ದೊಡ್ಡ ಕಚೇರಿಗಳಿಗೆ ಹೋದರು. ನನಗೆ ಊರಿಗೆ ಹತ್ತಿರ ಎಂದು ವಾಡಿ ಕೊಟ್ಟರು.

ಸ್ಟೇಷನ್ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯೇ ಅವರ ಕಚೇರಿ. ನಾನು ಹೊಸ ಚೂಡಿದಾರ ಹಾಕಿಕೊಂಡು, ಹೊಸ ಪೆನ್ನು ಹಿಡಿದು ಹೋದೆ. ರಾಜಕೀಯ ಸುದ್ದಿ ಕೊಡುತ್ತಾರೆ, ಇಲ್ಲವಾದರೆ ಅಪರಾಧದ್ದು ಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಮೇಲಿನಿಂದ ಕೆಳಗೆ ನೋಡಿ, “ಬೇಟಾ, ಸಾವಿನ ಮನಿಗಿ ಹೋಗ್ಲಿಕ್ಕೆ ಅಂಜಿಕಿ ಅದ ಏನು?” ಎಂದು ಕೇಳಿದರು.

“ಯಾಕ್ರಿ ಸರ್?”

“ನಮ್ಮಲ್ಲಿ ಮೊದಲಿಗೆ ನಿಧನ ವಾರ್ತೆ. ಅದು ಬಂದ್ರ ಎಲ್ಲಾ ಬರ್ತದ. ಮುಖ್ಯಮಂತ್ರಿ ಭಾಷಣ ಯಾರೂ ಕತ್ತರಿಸಿ ಇಟ್ಕೊಳ್ಳಂಗಿಲ್ಲ. ಅಪ್ಪ ಸತ್ತ ಸುದ್ದಿ ಇಟ್ಕೋತಾರ. ಅದ್ರಾಗ ತಪ್ಪು ಆದ್ರ ಮೊಮ್ಮಕ್ಕಳ ತನಕ ತಪ್ಪೇ.”

ಅಂದೇ ಅಭ್ಯಾಸಕ್ಕೆಂದು ಒಬ್ಬರ ವಿವರ ಕೊಟ್ಟು ಬರೆಯಲು ಹೇಳಿದರು. ನಾನು ಬಹಳ ಯೋಚಿಸಿ, ‘ಹುಟ್ಟಿದವರು ಒಂದಲ್ಲ ಒಂದು ದಿನ ಸಾಯಲೇಬೇಕು ಎಂಬ ಹಿರಿಯರ ಮಾತಿನಂತೆ’ ಎಂದು ಆರಂಭಿಸಿದೆ. ಅವರು ತುಟಿ ಅಲ್ಲಾಡಿಸುತ್ತ ಓದಿದರು. ಯಾವಾಗಲೂ ಹಾಗೆಯೇ ಓದುತ್ತಿದ್ದರು, ಶಾಲೆಯ ಹುಡುಗರಂತೆ.

“ಇದು ಊರಿಗೆಲ್ಲಾ ಗೊತ್ತದ ಬೇಟಾ. ಹುಟ್ಟಿದವರು ಸಾಯ್ತಾರ. ಯಾರು ಸತ್ತಾರ ಅದು ಹೇಳು.”

ಮತ್ತೆ ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದು, “ಹೋಗಿ ಬಾರಪ್ಪಾ” ಎಂದರು. ನನಗೆ ಹೇಳಿದ್ದೆಂದುಕೊಂಡು ಎದ್ದು ನಿಂತೆ. ಅವರು ಹೇಳಿದ್ದು ಆ ಸಾಲಿಗೆ. ಯಾವ ಪದವನ್ನು ಹೊಡೆದರೂ ಅದಕ್ಕೆ ಮರ್ಯಾದೆಯಿಂದ ‘ಹೋಗಿ ಬಾ’ ಎಂದು ಹೇಳಿ ಕಳಿಸುವುದು ಅವರ ಅಭ್ಯಾಸ. ಒಂದು ಸುದ್ದಿ ತಿದ್ದಿ ಮುಗಿಯುವಷ್ಟರಲ್ಲಿ ನಾಲ್ಕಾರು ನೆಂಟರನ್ನು ಬಸ್ ಹತ್ತಿಸಿದಂತೆ ಆಗುತ್ತಿತ್ತು.

ಮೊದಲ ಸಲ ಒಬ್ಬಳೇ ಹೋದದ್ದು ರಾವೂರಿಗೆ. ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದವರ ಮನೆಯ ಅಜ್ಜಿ ತೀರಿಕೊಂಡಿದ್ದರು. ಕಾಲೇಜಿನಲ್ಲಿ ಕಲಿಸಿದ ಹಾಗೆ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಕೈಯಲ್ಲಿ ಬರೆದುಕೊಂಡೇ ಹೋಗಿದ್ದೆ. ಬಾಗಿಲಲ್ಲಿ ನಿಂತು ಮಗನನ್ನು ಕೇಳಿ ಹೆಸರು ವಯಸ್ಸು ಬರೆದುಕೊಂಡು, ಯಾರೋ ಚಹಾ ಕೊಡಲು ಬಂದಾಗ ಬೇಡವೆಂದು ಹೇಳಿ, ಓಡಿ ಬಂದೆ. ಬರೆದದ್ದು ಹೀಗಿತ್ತು: ‘ಸರಳ ಸಜ್ಜನಿಕೆಯ, ಧಾರ್ಮಿಕ ಮನೋಭಾವದ ಮೃತರು ಇಬ್ಬರು ಪುತ್ರರು ಸೇರಿದಂತೆ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’

ಸರ್ ಓದಿದರು. “ಅಪಾರ ಬಂಧು ಬಳಗ. ನೋಡಿ ಬಂದಿ ಏನು?”

“ಎಲ್ಲಾರೂ ಹಂಗೇ ಬರೀತಾರ್ರಿ ಸರ್.”

“ನೀ ಹೋದಾಗ ಎಷ್ಟು ಮಂದಿ ಇದ್ರು?”

“ಅಂಗಳದಾಗ ಸ್ವಲ್ಪ ಮಂದಿ ಇದ್ರು.”

“ಅಂದ್ರ ಅಪಾರ ಅಲ್ಲ. ಹೋಗಿ ಬಾರಪ್ಪಾ.” ಪೆನ್ನು ಓಡಿತು. “ಸರಳ, ನೀನೂ ಹೋಗಿ ಬಾ. ಸಜ್ಜನ, ಇವನ ಕೂಡ ಹೋಗು. ಒಬ್ಬನೇ ಹೆಂಗ ಹೋಗ್ತಾನ? ಈಗ ಹೇಳು ಬೇಟಾ, ಆಕಿ ಏನು ಮಾಡ್ತಿದ್ಲು?”

“ಏನೂ ಇಲ್ರಿ. ಮನ್ಯಾಗೇ ಇದ್ರಂತ.”

“ಚಹಾ ಯಾರು ತಂದ್ರು?”

“ಯಾರೋ ಬಾಜೂ ಮನ್ಯಾಕಿ. ನಾ ಕುಡೀಲಿಲ್ರಿ.”

ಅವರು ಪೆನ್ನು ಕೆಳಗಿಟ್ಟರು. ಸಿಟ್ಟು ಬರಲಿಲ್ಲ, ನಿಜವಾಗಿ ನೊಂದುಕೊಂಡರು. “ಚಹಾ ಕುಡೀಲಾರದೆ ಸುದ್ದಿ ಹೆಂಗ ಬರ್ತದ?”

ಆಮೇಲೆ ಅವರು ಹೇಳಿದ್ದನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ನೋಡಿಲ್ಲ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಂದವರಿಗೆ ಚಹಾ ಪಕ್ಕದ ಮನೆಯಿಂದ ಬರುತ್ತದೆ. ಯಾರ ಮನೆಯಿಂದ ಬರುತ್ತದೆಂದರೆ, ದಿನವೂ ಸಾಸಿವೆಗೂ ಸಕ್ಕರೆಗೂ ಓಡಾಡುವಷ್ಟು ಬಳಕೆ ಇರುವ ಮನೆಯಿಂದ. ಮನೆಯವರಿಗೆ ಅಳುವುದರಲ್ಲಿ ಬಾಯಿ ಬರುವುದಿಲ್ಲ. ಅವರನ್ನು ಕೇಳುವುದೂ ಸರಿಯಲ್ಲ. ಹೋಗಬೇಕು, ಕೂರಬೇಕು, ನೀರು ಕೊಟ್ಟರೆ ಕುಡಿಯಬೇಕು, ಸುಮ್ಮನಿರಬೇಕು. ಚಹಾ ಬರುತ್ತದೆ. ಅದನ್ನು ತಂದವಳ ಜೊತೆಗೇ ಸುದ್ದಿಯೂ ಬರುತ್ತದೆ.

ಮರುದಿನ ಮತ್ತೆ ರಾವೂರಿಗೆ ಹೋಗಿ ಕೂತೆ. ಅದೇ ಹೆಂಗಸು ಚಹಾ ತಂದಳು. ಕುಡಿದೆ. ಸಕ್ಕರೆ ಬಹಳ ಇತ್ತು. ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು, ನಾನು ಏನೂ ಕೇಳದೆಯೇ ಶುರು ಮಾಡಿದಳು. “ನೋಡು ತಂಗಿ, ಈ ಓಣ್ಯಾಗ ಯಾವ ಹೆಣ್ಣುಮಗಳ ಮೂಗು ನೋಡ್ತಿ ನೋಡು, ಆಕೀನೇ ಚುಚ್ಚಿದ್ದು. ಚುಚ್ಚೋ ಮುಂದ ಒಂದು ಬೆಲ್ಲದ ಹಳಕು ಬಾಯಾಗ ಹಾಕ್ತಿದ್ಲು. ಅಳು ನಿಲ್ಲೋಕಿನ್ನ ಮೊದಲ ಬೆಲ್ಲ ಕರಗಬಾರದು ಅಂತಿದ್ಲು. ನಂದೂ ಆಕೀನೇ, ನನ್ನ ಮಗಳದೂ ಆಕೀನೇ.”

ಸುದ್ದಿ ಅಚ್ಚಾಯಿತು. ನಾಲ್ಕೇ ಸಾಲು. ‘ಊರಿನ ಅನೇಕ ಹೆಣ್ಣುಮಕ್ಕಳಿಗೆ ಮೂಗು ಚುಚ್ಚಿದವರು ಅವರು’ ಎಂಬುದು ಅದರಲ್ಲಿ ಕೊನೆಯ ಸಾಲು.

ಅಷ್ಟು ದಿನ ನಮ್ಮ ಮನೆಯಲ್ಲಿ ನನ್ನ ಕಲಿಕೆಗೆ ಬೆಲೆಯೇ ಇರಲಿಲ್ಲ. ಸಾವಿನ ಮನೆಗೆ ಹೋಗಿ ಬಂದರೆ ಅವ್ವ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ನನ್ನ ಕೂದಲು ಆ ವಾರಗಳಲ್ಲಿ ಒಣಗಿದ್ದೇ ಇಲ್ಲ. “ಈಕಿ ಸುದ್ದಿ ಬರಿಯೋದು ಕಲೀಲಿಕತ್ತಾಳೋ, ಜಳಕ ಮಾಡೋದು ಕಲೀಲಿಕತ್ತಾಳೋ?” ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಅಪ್ಪ ಪೇಪರ್ ಹಿಡಿದು ರಾವೂರಿನ ಸುದ್ದಿಯನ್ನು ಗಟ್ಟಿಯಾಗಿ ಓದಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅವಳು ಸಣ್ಣವಳಿದ್ದಾಗ ಅವಳ ಅಪ್ಪ ಖಣಿ ಕೆಲಸಕ್ಕೆಂದು ಕೆಲವು ಕಾಲ ರಾವೂರಿನಲ್ಲಿ ಇದ್ದರಂತೆ. ಹಿಟ್ಟಿನ ಕೈಯಲ್ಲೇ ಮೂಗು ಮುಟ್ಟಿಕೊಂಡು, “ಯವ್ವಾ, ಆ ಮುದುಕಿ ಹೋದ್ಲಾ?” ಎಂದಳು. ಮತ್ತೆ ಸ್ವಲ್ಪ ಹೊತ್ತಾದ ಮೇಲೆ, “ಬೆಲ್ಲದ್ದು ಬರದಿಲ್ಲಲ್ಲ ನೀ” ಎಂದಳು.

ಇದನ್ನು ಸರ್‌ಗೆ ಹೇಳಿದೆ. ಬೆಲ್ಲದ ಮಾತು ಹೊಡೆದದ್ದು ಅವರೇ. “ನಿಮ್ಮವ್ವ ಬರೋಬ್ಬರಿ ಹೇಳ್ಯಾಳ. ಅದನ್ನ ಕಳಿಸಬಾರದಿತ್ತು” ಎಂದರು.

ಅವರ ಬಳಿ ಕಲಿಯಲು ಬಂದವರಿಗೆಲ್ಲ ಕೊನೆಗೆ ಒಂದು ಯಾತ್ರೆ ಇರುತ್ತಿತ್ತು. “ನಾಳೆ ಸತ್ತವರ ಮನಿಗಿ ಚಹಾಕ್ಕ ಹೋಗೋಣ” ಎಂದರು. ದಿನವೂ ಹೋಗುತ್ತಿದ್ದುದು ಅಲ್ಲಿಗೇ ಆದ್ದರಿಂದ ನನಗೆ ವಿಶೇಷ ಅನ್ನಿಸಲಿಲ್ಲ. ಆದರೆ ಈ ಸಲ ದೂರದ ದಾರಿ. ಚಿತ್ತಾಪುರ, ಸೇಡಂ, ಚಿಂಚೋಳಿ ದಾಟಿ ಐನಾಪುರಕ್ಕೆ. ಬಸ್ಸಿನಲ್ಲಿ ಪ್ರತಿ ನಿಲ್ದಾಣಕ್ಕೂ ಯಾರಾದರೊಬ್ಬರು ಹತ್ತಿ ಅವರಿಗೆ ನಮಸ್ಕಾರ ಹೇಳಿ ತಮ್ಮ ಊರಿನಲ್ಲಿ ಯಾರು ಹೋದರು ಎಂದು ವರದಿ ಒಪ್ಪಿಸುತ್ತಿದ್ದರು. ಸೇಡಂನಲ್ಲಿ ಹತ್ತಿದ ಒಬ್ಬರು ಮಾತ್ರ ಅವರನ್ನು ಕಂಡು, ಕೈಯಲ್ಲಿದ್ದ ಚೀಲ ಸರಿಸಿಕೊಂಡು, ಹಿಂದಿನ ಸೀಟಿಗೆ ಹೋಗಿ ಕೂತರು. “ಅವರ ಮಾವಗ ಆರಾಮಿಲ್ಲ. ನಾ ಅದಕ್ಕೇ ಬಂದೀನಿ ಅಂತ ತಿಳ್ಕೊಂಡಾರ” ಎಂದು ಸರ್ ನನ್ನ ಕಿವಿಯಲ್ಲಿ ಹೇಳಿದರು.

ಐನಾಪುರದಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ದೊಡ್ಡ ರುಮಾಲಿನ ಒಬ್ಬ ರೈತ ಕೂತಿದ್ದರು. ನಮ್ಮನ್ನು ನೋಡಿದ್ದೇ, “ಬರ್ರಿ ಬರ್ರಿ, ನಿಮ್ಮ ದಯಾದಿಂದ ಸತ್ತವ ಇಲ್ಲೇ ಕುಂತೀನಿ” ಎಂದರು.

ಅವರೇ ಶರಣಪ್ಪ. ಸರ್ ಚಿಂಚೋಳಿಯಲ್ಲಿ ಇದ್ದಾಗ ಇವರ ನಿಧನ ವಾರ್ತೆ ಬರೆದಿದ್ದರು.

ಆದದ್ದು ಇಷ್ಟು. ಆ ಊರಿನಲ್ಲಿ ಮನೆಗಾಗಿ ದುಡಿದ ಎತ್ತು ಸತ್ತರೆ ಮನುಷ್ಯರಿಗೆ ಮಾಡುವಂತೆಯೇ ಮಾಡುತ್ತಾರೆ. ಹೂವಿನ ಹಾರ ಹಾಕಿ, ಹಲಗೆ ಬಾರಿಸಿ, ಭಜನೆ ಮಾಡುತ್ತ ಹೊಲಕ್ಕೆ ಒಯ್ದು ಮಣ್ಣು ಮಾಡುತ್ತಾರೆ. ಶರಣಪ್ಪನವರ ಎತ್ತು ಸತ್ತ ದಿನ ಆ ದಾರಿಯಲ್ಲಿ ಹಾದುಹೋದ ಬಸ್ಸಿನ ಕಂಡಕ್ಟರ್ ಮನೆಯ ಮುಂದೆ ಹಲಗೆ, ಭಜನೆ, ಅಳುವ ಹೆಂಗಸರನ್ನು ನೋಡಿ ಚಿಂಚೋಳಿಯಲ್ಲಿ ಸರ್‌ಗೆ ಹೇಳಿದ. ಶರಣಪ್ಪ ಅದಕ್ಕೆ ಸ್ವಲ್ಪ ದಿನ ಮುಂಚೆ ಕಲಬುರಗಿಯ ಆಸ್ಪತ್ರೆ ಸೇರಿದ್ದು ಸರ್‌ಗೆ ಗೊತ್ತಿತ್ತು. ವಾಸಿಯಾಗಿ ಮನೆಗೆ ಬಂದದ್ದು ಗೊತ್ತಿರಲಿಲ್ಲ. ಪತ್ರಿಕೆಗೆ ಸುದ್ದಿ ಕಳಿಸುವ ಹೊತ್ತಾಗಿತ್ತು. ಕಳಿಸಿಬಿಟ್ಟರು. ಅಪಾರ ಬಂಧು ಬಳಗವನ್ನೂ ಸೇರಿಸಿಯೇ ಕಳಿಸಿದ್ದರು.

ಮುಂದಿನದನ್ನು ಶರಣಪ್ಪನವರ ಬಾಯಿಂದಲೇ ಕೇಳಬೇಕು. “ಮುಂಜಾನೆ ನಾ ಇದೇ ಕಟ್ಟಿ ಮ್ಯಾಲ ಕುಂತು ಹಲ್ಲು ತಿಕ್ಕಲಿಕತ್ತಿದ್ದೆ. ನಮ್ಮ ಬೀಗರು ಒಂದು ಟಂಟಂ ಗಾಡಿ ತುಂಬ ಬಂದು ಇಳದ್ರು, ಗೊಳೋ ಅಂತ ಅಳ್ಕೋತ. ನನ್ನ ಎತ್ತಿಗಿ ಇಷ್ಟು ಮಂದಿ ಅಳ್ತಾರಲ್ಲಪ್ಪಾ ಅಂತ ನಂಗೂ ದುಃಖ ತಡೀಲಿಲ್ಲ. ನಾನೂ ಜೋರು ಅಳ್ಲಿಕ್ಕೆ ಶುರು ಮಾಡ್ದೆ. ಅವರು ನನ್ನ ಮಾರಿ ನೋಡಿದ್ರು, ಬಾಯಿ ಮುಚ್ಚಿದ್ರು. ಒಬ್ಬಾಕಿ ಬಿದ್ದೇ ಬಿಟ್ಲು.”

“ಅಷ್ಟೊತ್ತಿಗೆ ನಾ ಬಂದೆ,” ಎಂದರು ಸರ್, ತಪ್ಪು ಮಾಡಿದ ಹುಡುಗನ ಧ್ವನಿಯಲ್ಲಿ. “ತಪ್ಪು ಗೊತ್ತಾದ ಕೂಡ್ಲೇ ಮೊದಲ ಬಸ್ಸಿಗೇ ಬಂದೆ. ಹೊಡೀತಾರ ಅಂತ ಅಂಜ್ಕೊಂಡೇ ಬಂದೆ.”

“ಹೊಡಿಯೋದು ಯಾಕ್ರಿ? ಕುಂದ್ರಿ ಅಂದೆ. ಸತ್ತವರ ಮನ್ಯಾಗ ಒಲಿ ಹಚ್ಚಂಗಿಲ್ಲ ಅಂತಾರ. ನಮ್ಮಲ್ಲಿ ಹಚ್ಚೀವಿ, ಚಹಾ ಕುಡೀರಿ ಅಂದೆ.” ಶರಣಪ್ಪ ನನ್ನ ಕಡೆ ತಿರುಗಿದರು. “ಆದ್ರ ತಂಗಿ, ಒಂದು ಸಿಟ್ಟು ನಂಗ ಇನ್ನೂ ಅದ. ಪೇಪರ್‌ದಾಗ ನನ್ನ ಹೆಸರು ಹಾಕಿದ್ರು. ನಿಜವಾಗಿ ಹೋದದ್ದು ನನ್ನ ಎತ್ತು, ಅದರ ಹೆಸರು ಹಾಕಲಿಲ್ಲ. ನಾ ಹೇಳ್ದೆ, ತಿದ್ದಿ ಹಾಕ್ರಿ ಅಂತ.”

ಸರ್ ತಿದ್ದುಪಡಿ ಬರೆದಿದ್ದರು: ‘ಮೃತಪಟ್ಟಿರುವುದು ಶರಣಪ್ಪ ಅವರಲ್ಲ, ಅವರ ಎತ್ತು ಬಸವ. ಅದು ಜೋಡಿ ಎತ್ತನ್ನೂ ಶರಣಪ್ಪ ಅವರನ್ನೂ ಅಗಲಿದೆ.’ ಕಲಬುರಗಿಯಲ್ಲಿ ಕೂತವರು ಇದು ತಮಾಷೆ ಎಂದು ತಿಳಿದು ಬಸವನನ್ನೂ ಎರಡನೆಯ ವಾಕ್ಯವನ್ನೂ ತೆಗೆದುಹಾಕಿದರು. ತಾವು ಬರೆದ ಅತ್ಯುತ್ತಮ ವಾಕ್ಯ ಅದು, ಅಚ್ಚಾಗಲಿಲ್ಲ ಎಂಬ ಕೊರಗು ಸರ್‌ಗೆ ಕೊನೆಯವರೆಗೂ ಇತ್ತು.

ಮನೆಯೊಳಗೆ ದೇವರ ಫೋಟೋಗಳ ಪಕ್ಕದಲ್ಲೇ ಆ ನಿಧನ ವಾರ್ತೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಶರಣಪ್ಪನವರ ಹೆಂಡತಿ ಚಹಾ ತಂದು, ಅದನ್ನು ತೋರಿಸಿ, “ಮನ್ಯಾಗ ಏನರ ಕೆಲಸ ಹೇಳಿದ್ರ ಅದರ ಕಡಿ ಬೊಟ್ಟು ತೋರಿಸ್ತಾರ ನೋಡವ್ವ. ನಾ ಸತ್ತವ, ನಂಗ್ಯಾಕ ಹೇಳ್ತಿ ಅಂತಾರ” ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಸರ್ ಬಹಳ ಹೊತ್ತು ಕಿಟಕಿಯ ಹೊರಗೆ ತೊಗರಿ ಹೊಲಗಳನ್ನು ನೋಡುತ್ತಿದ್ದರು. ಆಮೇಲೆ ಹೇಳಿದರು: “ಬದುಕಿದ್ದವರ ಸುದ್ದಿ ತಪ್ಪಾದ್ರ ಫೋನ್ ಮಾಡ್ತಾರ, ಬೈತಾರ, ನಾವು ತಿದ್ತೀವಿ. ಸತ್ತವರು ತಿದ್ದುಪಡಿ ಕೇಳಂಗಿಲ್ಲ ಬೇಟಾ. ನನ್ನ ಸರ್ವಿಸಿನಾಗ ಕೇಳಿದಾತ ಇವನೊಬ್ಬನೇ. ಅದಕ್ಕೇ ವರ್ಷಕ್ಕೊಮ್ಮೆ ಬಂದು ಇವನ ಮಾರಿ ನೋಡಿ ಹೋಗ್ತೀನಿ.”

ಆ ಒಂದು ತಪ್ಪಿನ ಮೇಲೆ ಅವರು ತಮ್ಮ ಉಳಿದ ಕೆಲಸವನ್ನೆಲ್ಲ ಕಟ್ಟಿಕೊಂಡಿದ್ದರು. ಹೋಗದೆ, ನೋಡದೆ ಯಾರ ಸಾವನ್ನೂ ಬರೆಯಲಿಲ್ಲ. ವಾಟ್ಸ್ಯಾಪ್ ಬಂದ ಮೇಲೆ ಇದು ದೊಡ್ಡ ತಮಾಷೆಯಾಯಿತು. ನಮ್ಮ ಕಡೆಯ ಪತ್ರಕರ್ತರದೆಲ್ಲ ಒಂದು ಗುಂಪು ಇದೆ. ಅದರಲ್ಲಿ ಯಾರಾದರೂ ತೀರಿಕೊಂಡರೆಂದು ಸಂದೇಶ ಬಂದರೆ ಕೂಡಲೇ ಕೈಮುಗಿದ ಚಿತ್ರಗಳು, ‘ಓಂ ಶಾಂತಿ’ಗಳು ಸಾಲುಗಟ್ಟುತ್ತವೆ. ಅದರ ನಡುವೆ ಸರ್ ಒಂದೇ ಬೆರಳಿನಲ್ಲಿ ಒತ್ತಿದ ಪ್ರಶ್ನೆ ಬರುತ್ತಿತ್ತು: ‘ನೋಡಿ ಬಂದಿರೇನು?’ ಕೆಲವರು ಬೇಸರಪಡುತ್ತಿದ್ದರು. ಅವರ ಬಳಿಯೇ ಕಲಿತು ಈಗ ಟಿವಿಯಲ್ಲಿರುವ ಕುಂಚಾವರಂ ಹುಡುಗನಂತೂ, “ಸರ್, ನಾವು ಬ್ರೇಕಿಂಗ್ ಕೊಡಬೇಕು, ನೋಡಿ ಬರೋತನಕ ಅವರದು ಪುಣ್ಯತಿಥಿ ಬಂದಿರ್ತದ” ಎಂದು ಬರೆದಿದ್ದ. ಅದಕ್ಕೆ ಸರ್ ನಗುವ ಮುಖ ಕಳಿಸಿ, ಕೆಳಗೆ ಮತ್ತೆ ಅದೇ ಪ್ರಶ್ನೆ ಹಾಕಿದ್ದರು.

ನಾನು ಈಗ ಕಲಬುರಗಿಯಲ್ಲಿ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆ ಗುಂಪಿನಲ್ಲಿ ಅವರದೇ ಫೋಟೋ ಬಂತು. ಕೆಳಗೆ ಎರಡು ಸಾಲು. ‘ಓಂ ಶಾಂತಿ’ಗಳು ಬರತೊಡಗಿದವು. ನಾನು ಫೋನ್ ಹಿಡಿದು ಕಾಯುತ್ತ ಕೂತೆ. ಏನಕ್ಕೆ ಕಾಯುತ್ತಿದ್ದೇನೆ ಎಂದು ಆಮೇಲೆ ತಿಳಿಯಿತು. ಆ ಪ್ರಶ್ನೆ ಬರಲಿಲ್ಲ. ಕೊನೆಗೆ ನಾನೇ ಒತ್ತಿದೆ: ‘ನೋಡಿ ಬಂದಿರೇನು?’



ನಮ್ಮ ಡೆಸ್ಕ್‌ನ ಹಿರಿಯರು ಬಂದು, “ನಿಮಗ ಅವರ ಬಗ್ಗೆ ಗೊತ್ತಲ್ಲ, ನಾಲ್ಕು ಸಾಲು ಬರದು ಕೊಡ್ರಿ. ಪುಟ ಮುಗಿಸಬೇಕು” ಎಂದರು.

“ವಾಡಿಗಿ ಹೋಗಿ ಬರದು ಕಳಸ್ತೀನ್ರಿ ಸರ್.”

“ಇಲ್ಲೇ ಕುಂತು ಬರೀರಿ. ಸಂಜಿ ಮೀರಿದ್ರ ಜಾಗ ಇರಂಗಿಲ್ಲ. ನಾಳೆ ಮಣ್ಣಾದ ಮ್ಯಾಲ ಹಾಕಿ ಏನು ಮಾಡೋದದ?”

ಅವರು ಹೇಳಿದ್ದೂ ಸರಿ. ದೂರದ ಊರಿನವರು ಪತ್ರಿಕೆ ನೋಡಿಯೇ ಮಣ್ಣಿಗೆ ಬರಬೇಕು. ಸುದ್ದಿ ತಪ್ಪಿದರೆ ಅವರು ಬರುವುದು ತಪ್ಪುತ್ತದೆ. ಆದರೆ ವಾಡಿಯ ಸರ್ ಅವರ ಸಾವನ್ನೇ ನೋಡದೆ ಬರೆಯಲು ನನ್ನ ಕೈ ಏಳಲಿಲ್ಲ. ಸ್ಟೇಷನ್ನಿಗೆ ಓಡಿದೆ. ಸಿಕ್ಕ ಗಾಡಿ ಹತ್ತಿದೆ. ಯಾವಾಗಿನಂತೆ ವಾಡಿ ಬರುವ ಮುಂಚೆ ಗಾಡಿ ಸಿಗ್ನಲ್‌ಗೆ ಕಾಯುತ್ತ ಬಯಲಿನಲ್ಲಿ ನಿಂತಿತು. ಡೆಸ್ಕ್‌ನಿಂದ ಫೋನ್ ಬರುತ್ತಲೇ ಇತ್ತು. ನಾನು ಕಿಟಕಿಗೆ ಹಣೆ ಒತ್ತಿಕೊಂಡು, ‘ಬಿಡಪ್ಪಾ, ಹಸಿರು ತೋರಿಸಪ್ಪಾ’ ಎಂದು ಕಾಣದ ಸಿಗ್ನಲ್‌ನೊಡನೆ ಜಗಳಾಡುತ್ತಿದ್ದೆ.

ಮನೆಯ ಒಳಗೆ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹಾರ. ಕನ್ನಡಕ ಮಾತ್ರ ಹಾಕಿರಲಿಲ್ಲ. ಅದರಿಂದಾಗಿ ಯಾರೋ ಬೇರೆಯವರಂತೆ ಕಂಡರು. ಅವರ ಹೆಂಡತಿಯನ್ನು ನಾವು ಅಮ್ಮಾವ್ರು ಎನ್ನುತ್ತೇವೆ. ಅವರಿಗೆ ಮಕ್ಕಳಿಲ್ಲ. ಅಮ್ಮಾವ್ರು ನನ್ನ ಕೈ ಹಿಡಿದು, “ನೋಡಿ ಬರೀಲಿಕ್ಕೆ ಬಂದಿ ಏನವ್ವ? ನೋಡು. ಸರಿಯಾಗಿ ನೋಡ್ಕೊ. ಇಲ್ಲಂದ್ರ ಅವರು ಕೇಳ್ತಾರ” ಎಂದರು. ಅಳುತ್ತಲೇ ಇಬ್ಬರಿಗೂ ಸ್ವಲ್ಪ ನಗು ಬಂತು.

ಕೂತೆ. ನೀರು ಕೊಟ್ಟರು, ಕುಡಿದೆ. ಚಹಾ ಬಂತು. ಪಕ್ಕದ ಮನೆಯ ಖಾಲಾ ತಂದಿದ್ದರು. ನಾನು ಕೇಳಲಿಲ್ಲ, ಅವರೇ ಹೇಳಿದರು. “ದಿನಾ ಪೇಪರ್ ಬಂದ ಕೂಡ್ಲೇ ಪೆನ್ನು ತೊಗೊಂಡು ಕುಂದ್ರತಿದ್ರು ಬೇಟಿ. ಅಚ್ಚಾದದ್ದನ್ನ ತಿದ್ದೋದು. ಇವತ್ತೂ ಕುಂತಿದ್ರು. ಯಾವುದಕ್ಕೋ ‘ಹೋಗಿ ಬಾರಪ್ಪಾ’ ಅಂದದ್ದು ಗ್ವಾಡಿ ಆಚಿಂದ ನಂಗ ಕೇಳಿಸ್ತು. ಆಮ್ಯಾಲ ಮಾತೇ ಇಲ್ಲ.”

ಹೊರಗಿನ ಕಟ್ಟೆಯ ಮೇಲೆ ಕೂತು ಬರೆದೆ. ಹೆಸರು, ವಯಸ್ಸು, ಊರು. ಚಿಂಚೋಳಿ ಮತ್ತು ವಾಡಿಯಲ್ಲಿ ವರದಿಗಾರರಾಗಿದ್ದರು. ಅನೇಕರಿಗೆ ಸುದ್ದಿ ಬರೆಯುವುದನ್ನು ಕಲಿಸಿದರು. ಪತ್ನಿ ಇದ್ದಾರೆ. ನಾಳೆ ಮಧ್ಯಾಹ್ನ ವಾಡಿಯಲ್ಲಿ ಅಂತ್ಯಕ್ರಿಯೆ. ಕಳಿಸಿದೆ. ಡೆಸ್ಕ್‌ನಿಂದ ಮತ್ತೆ ಫೋನ್ ಬಂತು. “ಜಾಗ ಇಟ್ಟೀವಿ. ಪತ್ನಿ ಇದ್ದಾರೆ ಅಂದ್ರ ಭಾಳ ಬೋಳು ಅನಸ್ತದ. ಅಪಾರ ಬಂಧು ಬಳಗ ಸೇರಿಸ್ಲೇನು?”

ಅಂಗಳ ನೋಡಿದೆ. ಸಂಜೆಯ ಹೊತ್ತು, ಓಣಿಯ ಕೆಲವರು ಮಾತ್ರ ಇದ್ದರು.

“ಬ್ಯಾಡ್ರಿ ಸರ್,” ಎಂದೆ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಟಂಟಂಗಳು ಬರತೊಡಗಿದವು. ರಾವೂರಿನಿಂದ ಖಣಿಯವರು ಬಂದರು. ಸೇಡಂ, ಚಿತ್ತಾಪುರದಿಂದ ಅವರ ಬಳಿ ಕಲಿತವರು ಬಂದರು. ಟಿವಿಯ ಹುಡುಗ ಕುಂಚಾವರಂನಿಂದ ಬೈಕಿನಲ್ಲೇ ಬಂದಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು, ಧೂಳಿನಿಂದ ಎಂದು ಹೇಳಿದ. ಎಂದೋ ಯಾವುದೋ ಸಾವಿನಲ್ಲಿ ಸರ್ ಹೋಗಿ ಕೂತು ನೀರು ಕುಡಿದ ಮನೆಗಳವರೆಲ್ಲ ಬಂದರು. ನಮ್ಮ ಅವ್ವನೂ ಬಂದಿದ್ದಳು, “ಇವತ್ತು ಜಳಕ ಇಬ್ಬರದೂ” ಎಂದು ನನ್ನ ತಲೆ ಸವರಿದಳು. ಚಹಾ ಯಾರ ಮನೆಯಿಂದ ಬರುತ್ತಿದೆ ಎಂದು ರೂಢಿಯಂತೆ ನೋಡಲು ಹೋದೆ. ಒಂದು ಕಿಟ್ಲಿ ಖಾಲಾ ಮನೆಯದು, ಇನ್ನೊಂದು ಝೆರಾಕ್ಸ್ ಅಂಗಡಿಯವರದು. ಆಮೇಲೆ ಯಾವ ಯಾವ ಓಣಿಯಿಂದಲೋ ಬರುತ್ತಲೇ ಇದ್ದವು. ಲೆಕ್ಕ ತಪ್ಪಿತು. ಸುದ್ದಿ ಯಾರ ಬಳಿ ಇದೆ ಎಂದು ತಿಳಿಯುವ ಅವರ ಉಪಾಯ ಅವರ ಮನೆಯಲ್ಲೇ ಕೆಲಸಕ್ಕೆ ಬರಲಿಲ್ಲ. ಎಲ್ಲರ ಬಳಿಯೂ ಇತ್ತು.

ಆಗ ಮಂದಿಯನ್ನು ಸರಿಸಿಕೊಂಡು ದೊಡ್ಡ ರುಮಾಲೊಂದು ಒಳಗೆ ಬಂತು. ಶರಣಪ್ಪ. ಕಂಕುಳಲ್ಲಿ ಮಡಚಿದ ಪತ್ರಿಕೆ. ನೇರವಾಗಿ ಒಳಗೆ ಹೋಗಿ, ಬಗ್ಗಿ, ಸರ್ ಮುಖವನ್ನು ಬಹಳ ಹೊತ್ತು ನೋಡಿದರು. ಪಕ್ಕದವರು, “ಕುಂದ್ರಿ ಯಜಮಾನ್ರೆ, ನಿನ್ನೆ ಮುಂಜಾನೆ ಹೋದ್ರು, ಪೇಪರ್‌ದಾಗೂ ಬಂದದಲ್ಲ” ಎಂದರು.

“ಪೇಪರ್‌ದಾಗ ಬಂದದ ಅಂತೇ ಓಡಿ ಬಂದೀನಿ,” ಎಂದರು ಶರಣಪ್ಪ. “ನಂದೂ ಬಂದಿತ್ತು. ಇವರದೂ ಹಂಗೇ ಇರ್ಬೇಕು, ಮನ್ಯಾಗ ಎತ್ತೋ ಎಮ್ಮಿಯೋ ಸತ್ತಿರ್ಬೇಕು ಅನ್ಕೋತ ಬಂದೆ. ಬಸ್ಸಿನಾಗ ದಾರಿ ತುಂಬ ಅದನ್ನೇ ಬೇಡ್ಕೊಂಡೆ.”

ಯಾರೂ ನಗಲಿಲ್ಲ. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ನೆಲಕ್ಕೆ ಕೂತರು. “ಈ ಸಲ ಸುದ್ದಿ ಖರೆ ಅದ” ಎಂದರು.

ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಗುರುತು ಹಿಡಿದು ಹತ್ತಿರ ಕರೆದರು. “ತಂಗಿ, ಇದು ನೀ ಬರದದ್ದೇನು?”

“ಹೌದ್ರಿ ಕಾಕಾ.”

ಪತ್ರಿಕೆ ಬಿಡಿಸಿ ಬೆರಳಿಟ್ಟರು. “ಪತ್ನಿ ಇದ್ದಾರೆ ಅಂತ ಬರದಿ. ಮತ್ತ ನಾವು?”

ಅವರು ಅದೇ ಬೆರಳನ್ನು ಮಂದಿಯ ಕಡೆ ತಿರುಗಿಸಿದರು.

“ನಾ ಅದೀನಿ. ಇವರೆಲ್ಲಾ ಅದಾರ. ನೀ ಅದೀ. ನಮ್ಮನ್ನ್ಯಾಕ ಬಿಟ್ಟಿ? ಇದು ತಪ್ಪದ. ತಿದ್ದಿ ಹಾಕು.”

ಸತ್ತವರು ತಿದ್ದುಪಡಿ ಕೇಳುವುದಿಲ್ಲ ಎಂದು ಸರ್ ಹೇಳಿದ್ದರು. ಕೇಳುವ ಒಬ್ಬರನ್ನು ಅವರೇ ನನಗಾಗಿ ಬಿಟ್ಟುಹೋಗಿದ್ದರು.

ಪತ್ರಿಕೆಯಲ್ಲಿ ಇಂಥ ತಿದ್ದುಪಡಿಗೆ ಜಾಗ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಹಾಕುತ್ತಿದ್ದೇನೆ. ಅವರು ‘ಹೋಗಿ ಬಾ’ ಎಂದು ಕಳಿಸಿದ್ದ ಒಂದು ಪದ ತಿರುಗಿ ಬಂದಿದೆ.

ತಿದ್ದುಪಡಿ: ನಮ್ಮ ವಾಡಿ ವರದಿಗಾರರ ನಿಧನ ವಾರ್ತೆಯಲ್ಲಿ ಪತ್ನಿ ಇದ್ದಾರೆ ಎಂದು ಮಾತ್ರ ಬರೆಯಲಾಗಿತ್ತು. ಅದು ತಪ್ಪು. ಮೃತರು ಪತ್ನಿ, ಐನಾಪುರದ ಶರಣಪ್ಪ ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ. ನೋಡಿ ಬಂದಿದ್ದೇನೆ ಸರ್.